ಬೂದಿ ಡಬ್ಬಿಯ ಪಕ್ಕದ ಫೋನು

ಅಷ್ಟು ಹೊತ್ತಿಗೆ ಸಾರಿಗೆ ಹುಣಸೆಹುಳಿ ಬಿಡುವುದನ್ನೇ ಮರೆತಿದ್ದೆ.

ಮೇಲಿನ ಸಾಲು ಈ ಬರಹದ್ದಲ್ಲ. ಹೋದ ವಾರ ಬರೆದದ್ದರ ಕೊನೆಯ ಸಾಲು. ಪಾಪ, ಅಳಿಸುವುದನ್ನು ಮರೆತಿದ್ದಾಳೆ ಎಂದುಕೊಳ್ಳಬೇಡಿ, ಬೇಕೆಂದೇ ಬಿಟ್ಟಿದ್ದೇನೆ. ಮೊದಲ ಸಲ ಮಾತ್ರ ನಿಜಕ್ಕೂ ಮರೆತಿದ್ದೆ. ಆ ಕಥೆಗೆ ಆಮೇಲೆ ಬರುತ್ತೇನೆ. ಸದ್ಯಕ್ಕೆ ಇಷ್ಟು ತಿಳಿದಿರಲಿ: ನಮ್ಮ ಮನೆಯಲ್ಲಿ ಯಾವುದನ್ನೂ ಸೊನ್ನೆಯಿಂದ ಶುರುಮಾಡುವ ರೂಢಿಯಿಲ್ಲ. ಹಾಲಿಗೆ ಹೆಪ್ಪು ಹಾಕಲು ನಿನ್ನೆಯ ಮೊಸರು ಬೇಕು. ಹೊಸ ನೂಲು ಮಗ್ಗಕ್ಕೇರಲು ಹಳೆಯ ನೂಲಿನ ತುದಿ ಬೇಕು. ಹಾಗೆ ನನಗೂ ಹೊಸದೊಂದು ಬರೆಯಲು ಹಳೆಯದರ ಬಾಲ ಬೇಕು.

ಇವತ್ತು ಈ ಮಾತು ತೆಗೆಯಲು ಕಾರಣ ನನ್ನ ಹೆಬ್ಬೆರಳು. ಬೆಳಿಗ್ಗೆ ತಿಂಡಿಯ ಪಾತ್ರೆಗಳನ್ನು ತೊಳೆದಿಟ್ಟು, ಏನಾದರೂ ಬರೆಯೋಣವೆಂದು ಫೋನು ಎತ್ತಿಕೊಂಡು ಅಭ್ಯಾಸಬಲದಿಂದ ಬಲಗೈ ಹೆಬ್ಬೆರಳು ಒತ್ತಿದೆ. ಗುರುತಿಲ್ಲ ಎಂದಿತು. ಸೆರಗಿಗೆ ಒರೆಸಿಕೊಂಡು ಒತ್ತಿದೆ. ಇಲ್ಲ. ಊದಿ, ಬಿಸಿ ಮಾಡಿ ಒತ್ತಿದೆ. ಸ್ವಲ್ಪ ಹೊತ್ತು ಬಿಟ್ಟು ಬಾ ಎಂದು ಬಾಗಿಲು ಹಾಕಿಕೊಂಡಿತು. ನನ್ನದೇ ಫೋನು, ನನ್ನದೇ ಬೆರಳು, ಇಬ್ಬರಿಗೂ ಪರಿಚಯವಿಲ್ಲ. ನ್ಯಾಯಬೆಲೆ ಅಂಗಡಿಯ ಹೆಬ್ಬೆಟ್ಟಿನ ಮಿಷನ್ನಿನದೂ ಇದೇ ಹಟ. ಪ್ರತಿ ತಿಂಗಳೂ ನನ್ನ ಬೆನ್ನ ಹಿಂದೆ ಸಾಲು ಬೆಳೆಯುತ್ತಾ ಹೋಗುತ್ತದೆ. ಅಂಗಡಿಯವರು, "ಏನಕ್ಕಾ, ಬೆರಳ ಮನೇಲೇ ಬುಟ್ಬುಟ್ಟು ಬಂದಿದ್ದೀಯಾ?" ಎನ್ನುತ್ತಾರೆ. ಕೊನೆಗೆ ಹತ್ತು ಬೆರಳಲ್ಲಿ ಒಪ್ಪಿಗೆಯಾಗುವುದು ಎಡಗೈ ಕಿರುಬೆರಳೊಂದೇ. ಅದು ಹುಟ್ಟಿದಾಗಿನಿಂದ ಯಾವ ಕೆಲಸವನ್ನೂ ಮಾಡಿಲ್ಲ, ಅದಕ್ಕೇ ಅದರ ಗೆರೆಗಳು ಹೊಸದರಂತೆ ಇವೆ. ದುಡಿದವರಿಗೆ ಗುರುತಿಲ್ಲ, ಕೂತವರಿಗೆ ಮರ್ಯಾದೆ. ನನ್ನ ಫೋನಿನ ಬೀಗ ತೆಗೆಯುವುದೂ ಈಗ ಅದೇ ಸೋಮಾರಿ ಬೆರಳು.

ಹೆಬ್ಬೆರಳು ಸವೆದದ್ದು ಕೆಚ್ಚಿ ಕೆಚ್ಚಿ. ಕೊಳ್ಳೇಗಾಲದ ರೇಷ್ಮೆ ಸೀರೆ ಉಟ್ಟವರು ನಿಮ್ಮಲ್ಲಿ ಬೇಕಾದಷ್ಟು ಜನರಿದ್ದೀರಿ, ಕೆಚ್ಚುವುದನ್ನು ನೋಡಿದವರು ಕಡಿಮೆ. ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ನೂಲು ನೇಯ್ದು ಮುಗಿದ ಮೇಲೆ ಸೀರೆಯನ್ನು ಕೊಯ್ದು ತೆಗೆಯುತ್ತಾರೆ. ಪೂರ್ತಿ ತೆಗೆಯುವುದಿಲ್ಲ, ಗೇಣುದ್ದ ಎಳೆಗಳನ್ನು ಮಗ್ಗದ ಬಾಚಣಿಗೆಯಂಥ ಅಚ್ಚಿನ ಹಲ್ಲುಗಳ ಸಂದಿಯಲ್ಲಿ ಹಾಗೇ ಬಿಡುತ್ತಾರೆ. ಹೊಸ ನೂಲು ಬಂದಾಗ ಅದರ ಒಂದೊಂದು ಎಳೆಯ ತುದಿಯನ್ನೂ ಹಳೆಯ ಒಂದೊಂದು ಎಳೆಯ ತುದಿಗೆ ಹಿಡಿದು, ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆದು ಒಂದು ಮಾಡಬೇಕು. ಅದೇ ಕೆಚ್ಚುವುದು. ಗಂಟು ಹಾಕುವಂತಿಲ್ಲ, ಗಂಟು ಅಚ್ಚಿನಲ್ಲಿ ನುಸುಳುವುದಿಲ್ಲ. ರೇಷ್ಮೆ ಜಾರುವ ಜಾತಿಯದು, ಹಿಡಿತಕ್ಕೆಂದು ಬೆರಳಿಗೆ ಬೂದಿ ಹಚ್ಚಿಕೊಳ್ಳುತ್ತೇವೆ. ಸಾವಿರಾರು ಎಳೆ, ಒಂದನ್ನೂ ಬಿಡುವಂತಿಲ್ಲ, ಒಂದರ ಜಾಗಕ್ಕೆ ಇನ್ನೊಂದು ಹೋಗುವಂತಿಲ್ಲ. ಇದು ಹೆಂಗಸರ ಕೆಲಸ. ಸೀರೆ ನೋಡಿದವರು ನೇಯ್ದವನು ಯಾರು ಎಂದು ಕೇಳುತ್ತಾರೆ, ಕೆಚ್ಚಿದವಳು ಯಾರು ಎಂದು ಯಾರೂ ಕೇಳಿದ್ದಿಲ್ಲ.

ನಮ್ಮ ಮನೆಯ ಬೂದಿ ಇರುವುದು ಒಂದು ಹಳೆಯ ಪೌಡರ್ ಡಬ್ಬಿಯಲ್ಲಿ. ನನ್ನ ಮದುವೆಗೆ ಬಂದ ಡಬ್ಬಿ ಅದು. ಮುಖಕ್ಕೆ ಹಚ್ಚಿಕೊಳ್ಳುವ ಕಾಲ ಮುಗಿದು ಬೆರಳಿಗೆ ಹಚ್ಚಿಕೊಳ್ಳುವ ಕಾಲ ಬಂದದ್ದರ ದಾಖಲೆ. ಈಗ ಅದರ ಪಕ್ಕದಲ್ಲೇ ಫೋನು ಇರುತ್ತದೆ. ಕೆಚ್ಚುತ್ತಾ ಕೂತಾಗ ಏನಾದರೂ ಹೊಳೆದರೆ ಅದೇ ಕೈಯಲ್ಲಿ ನಾಲ್ಕು ಸಾಲು ಬರೆದುಬಿಡುತ್ತೇನೆ. ಹೀಗಾಗಿ ಗಾಜಿನ ಮೇಲೆ ಯಾವಾಗಲೂ ವಿಭೂತಿ ಬಳಿದ ಹಾಗೆ ಮೂರು ಪಟ್ಟೆ. ರಿಪೇರಿ ಅಂಗಡಿಯ ಹುಡುಗಿ ಒಮ್ಮೆ, "ಇದ್ಕೆ ಪೂಜೆ ಮಾಡ್ತೀರಾ ಆಂಟಿ?" ಎಂದು ಕೇಳಿದಳು. ಒಂದು ಲೆಕ್ಕಕ್ಕೆ ಹೌದು ಎಂದೆ.

ಬರೆಯುವ ಚಟ ಮಾತ್ರ ಈ ಮನೆಯದಲ್ಲ, ತವರಿನಿಂದ ತಂದದ್ದು. ಯಳಂದೂರಿನಲ್ಲಿ ಅಪ್ಪನದು ಸಣ್ಣ ದಿನಸಿ ಅಂಗಡಿ. ಪೊಟ್ಟಣ ಕಟ್ಟಲು ರದ್ದಿ ಕಾಗದದ ಕಟ್ಟು ಬರುತ್ತಿತ್ತು: ಹಳೆಯ ಪತ್ರಿಕೆ, ಬಿಚ್ಚಿಹೋದ ಕಾದಂಬರಿ, ಯಾರದೋ ಪರೀಕ್ಷೆಯ ಉತ್ತರಪತ್ರಿಕೆ. ಶಾಲೆ ಬಿಟ್ಟ ಮೇಲೆ ಪೊಟ್ಟಣ ಕಟ್ಟುವುದು ನನ್ನ ಕೆಲಸ. ನಾನು ಹುರಿಗಡಲೆಗೆಂದು ಹಾಳೆ ತೆಗೆದವಳು ಓದುತ್ತಾ ನಿಂತುಬಿಡುತ್ತಿದ್ದೆ. ಗಿರಾಕಿಗಳು, "ಏನಯ್ಯಾ, ನಿನ್ ಮಗಳು ಕಡ್ಲೆ ಕೊಡಕ್ಕೆ ಮುಂಚೆ ಪುರಾಣ ಓದ್ತಾಳಲ್ಲ" ಎಂದು ಅಪ್ಪನಿಗೆ ಹೇಳುತ್ತಿದ್ದರು. ಅಪ್ಪ ಬಯ್ಯಲಿಲ್ಲ. "ಓದಿ ಆದದ್ದರಲ್ಲಿ ಕಟ್ಟವ್ವ, ಆಗದೇ ಇರೋದ ಈ ಕಡೆ ಇಡು" ಎಂದು ಒಂದು ಡಾಲ್ಡಾ ಡಬ್ಬ ಕೊಟ್ಟ. ಆ ಡಬ್ಬದೊಳಗೆ ನನ್ನ ಗ್ರಂಥಾಲಯ. ಒಂದೇ ಒಂದು ತೊಂದರೆ, ಅಲ್ಲಿ ಯಾವ ಕಥೆಗೂ ತಲೆಯಿದ್ದರೆ ಬಾಲವಿಲ್ಲ, ಬಾಲವಿದ್ದರೆ ತಲೆಯಿಲ್ಲ. ಬಾವಿಗೆ ಬೀಳಲು ಹೊರಟ ಸೊಸೆ ಬಾವಿಕಟ್ಟೆಯ ಮೇಲೆ ಒಂದು ಕಾಲಿಟ್ಟಲ್ಲಿಗೆ ಹಾಳೆ ಮುಗಿದಿತ್ತು. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಸಾಮಾನು ಚೀಟಿಯ ಹಿಂಬದಿಗೆ ನಾನೇ ಮುಂದಿನದನ್ನು ಬರೆದೆ. ಅವಳನ್ನು ಕಟ್ಟೆಯಿಂದ ಇಳಿಸಿ, ನೀರು ಸೇದಿಸಿ, ಮನೆಗೆ ಕಳಿಸಿದೆ. ನನ್ನ ಮೊದಲ ಕೃತಿ ಅದು. ಅದರ ಇನ್ನೊಂದು ಬದಿಯಲ್ಲಿ ತೊಗರಿಬೇಳೆ, ಜೀರಿಗೆ, ಎರಡು ಸಾಬೂನು ಇದ್ದವು.

ದೊಡ್ಡವಳಾದ ಮೇಲೆ ಪತ್ರಿಕೆಗಳಿಗೆ ಕಥೆ ಕಳಿಸತೊಡಗಿದೆ. ವಾಪಸ್ ಬರಲು ಬೇಕಾದ ಕವರನ್ನೂ ಸ್ಟಾಂಪು ಹಚ್ಚಿ ಜೊತೆಗೇ ಇಡಬೇಕಿತ್ತು. ನಾನು ತಪ್ಪದೆ ಇಡುತ್ತಿದ್ದೆ, ಅವರು ತಪ್ಪದೆ ಬಳಸುತ್ತಿದ್ದರು. ನಮ್ಮ ಬೀದಿಯ ಪೋಸ್ಟಿನವರು ಅಂಗಡಿಯ ಮುಂದೆ ಸೈಕಲ್ಲು ನಿಲ್ಲಿಸಿ, "ತಕೋ ಕಣವ್ವ. ನಾನು ಇಷ್ಟು ವರ್ಸ ಸರ್ವೀಸು ಮಾಡಿ ಬೆಂಗ್ಳೂರು ನೋಡಿಲ್ಲ, ನಿನ್ ಕವರು ಏಳು ಸಲ ಓಗ್ಬುಟ್ಟು ಬಂತು" ಎಂದಿದ್ದರು. ಕೊಳ್ಳೇಗಾಲಕ್ಕೆ ಮದುವೆಯಾಗಿ ಬಂದಾಗ ಆ ಏಳೂ ಕವರು ನನ್ನ ಟ್ರಂಕಿನ ತಳದಲ್ಲಿದ್ದವು. ಯಾರಿಗೂ ಹೇಳಲಿಲ್ಲ. ಮಗ್ಗದ ಮನೆಗೆ ಬಂದವಳು ಮಗ್ಗದ ಕೆಲಸ ಕಲಿತೆ.

ಕಲಿಸಿದವರು ನಮ್ಮತ್ತೆ. ಬೀದಿಯಲ್ಲಿ ನಮ್ಮತ್ತೆಯ ಕೈಯೆಂದರೆ ಕೈ. ಅವರು ಕೆಚ್ಚಿದ ಎಳೆಯನ್ನು ಯಾರೂ ಎರಡನೆಯ ಸಲ ನೋಡುತ್ತಿರಲಿಲ್ಲ. ಅವರ ತವರಿನ ಮಾತು ತೆಲುಗು; ಎಣಿಸುವಾಗ ತೆಲುಗು, ಬಯ್ಯುವಾಗ ಕನ್ನಡ. ಹೀಗಾಗಿ ತೆಲುಗು ಕೇಳುತ್ತಿರುವಷ್ಟು ಹೊತ್ತು ನನಗೆ ನೆಮ್ಮದಿ.

ಇನ್ನು ಬ್ಲಾಗಿನ ವಿಷಯ. ಕೆಲವು ವರ್ಷಗಳ ಹಿಂದೆ ಮಗ್ಗಗಳೆಲ್ಲ ಸುಮ್ಮನೆ ನಿಂತು ಎಲ್ಲರೂ ಮನೆಯಲ್ಲೇ ಕೂತಿದ್ದ ಕಾಲದಲ್ಲಿ, ಹೊತ್ತು ಹೋಗದೆ ಫೋನಿನಲ್ಲಿ ದಿನಚರಿ ಬರೆಯುತ್ತಿದ್ದೆ. ನನ್ನ ನಾದಿನಿ ಸರೋಜ ಹನೂರಿನ ಒಂದು ಶಾಲೆಯಲ್ಲಿ ಗುಮಾಸ್ತೆ. ರಸ್ತೆ ತೆರೆದ ಮೇಲೆ ಅವ್ವನನ್ನು ನೋಡಲು ಬಂದವಳು ಅದನ್ನು ಕದ್ದು ಓದಿದಳು. "ಅತ್ತಿಗೆ, ಇದ ಯಾಕೆ ಮುಚ್ಚಿಟ್ಕಂಡಿದ್ದೀರಿ? ನೆಟ್ಟಿಗೆ ಹಾಕಿ."

"ಅವರು ವಾಪಸ್ ಕಳಿಸಿದರೆ?"

"ಯಾರು ಕಳಿಸೋರು? ಅಲ್ಲಿ ನೀವೇ ಸಂಪಾದಕರು, ನೀವೇ ಪೋಸ್ಟಾಫೀಸು."

ಈ ಮಾತು ನನಗೆ ಬಹಳ ಹಿಡಿಸಿತು. ಊಟದ ಎಲೆ ತೆಗೆಯುವುದರೊಳಗೆ ಸರೋಜ ಜಾಗ ಮಾಡಿಕೊಟ್ಟಳು. 'ಮಗ್ಗದ ಮಗ್ಗುಲು' ಎಂದು ಹೆಸರಿಟ್ಟೆ. ಮೊದಲ ಬರಹಕ್ಕೆ ಇಬ್ಬರು ಓದುಗರು: ಸರೋಜ ಒಮ್ಮೆ ತನ್ನ ಫೋನಿನಲ್ಲಿ, ಇನ್ನೊಮ್ಮೆ ಶಾಲೆಯ ಕಂಪ್ಯೂಟರಿನಲ್ಲಿ. ಇಷ್ಟಾದರೂ ನನಗೆ ಅವತ್ತು ನೆಲ ಕಾಲಿಗೆ ಸಿಗಲಿಲ್ಲ. ಏಳು ಕವರು ಹೋಗಿ ಬಂದ ದಾರಿಯಲ್ಲಿ ಮೊದಲ ಬಾರಿಗೆ ಒಂದು ಹೋಗಿ, ವಾಪಸ್ ಬರದೆ ಅಲ್ಲೇ ಉಳಿದಿತ್ತು.

ಕಷ್ಟವಾದದ್ದು ಎರಡನೆಯದು. ಬಿಳಿ ಪರದೆಯ ಮೇಲೆ ಒಂದು ಗೀಟು ಮಿಟುಕುತ್ತಾ ಕೂತಿರುತ್ತದೆ, ನಿಮಗೂ ಗೊತ್ತಿರಬೇಕು. ಸಾಲ ಕೊಟ್ಟವನು ಬಂದು ಜಗಲಿಯಲ್ಲಿ ಕೂತ ಹಾಗೆ. ನಾಲ್ಕು ದಿನ ನೋಡಿದೆ. ಐದನೆಯ ದಿನ, ಮೊದಲ ಬರಹದ ನಕಲು ಎತ್ತಿ ತಂದು, ಕೊನೆಯ ಸಾಲೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಅಳಿಸಿದೆ. ಆ ಸಾಲಿನ ತುದಿ ಹಿಡಿದು ಹೊಸದನ್ನು ಹೊಸೆದೆ. ಸರಾಗವಾಗಿ ಬಂತು. ಅಂದಿನಿಂದ ಅದೇ ಪದ್ಧತಿ, ಮುಗಿದ ಮೇಲೆ ಮೇಲಿನ ಹಳೆಯ ಸಾಲನ್ನು ಅಳಿಸಿ ಹಾಕುತ್ತಿದ್ದೆ. ಒಂದು ವಾರ ಅಳಿಸುವುದನ್ನು ಮರೆತೆ. ಅಷ್ಟರಲ್ಲಿ ನನಗೊಬ್ಬರು ಮೂರನೆಯ ಓದುಗರು ಸಿಕ್ಕಿದ್ದರು, ಕುಂತೂರಿನ ಸಕ್ಕರೆ ಕಾರ್ಖಾನೆಗೆ ಟ್ರ್ಯಾಕ್ಟರಿನಲ್ಲಿ ಕಬ್ಬು ಹೊಡೆಯುವವರು. ಅವರು ಬರೆದರು: "ಅಕ್ಕ, ಓದ ವಾರದ ಬಾಲ ಈ ವಾರದ ತಲೆಗೆ ಅಂಟಿಕೊಂಡದೆ." ನಾಚಿಕೆಯಾಯಿತು. ಕೆಚ್ಚುವುದು ಎಂದರೇನು, ನಾನು ಯಾಕೆ ಹಾಗೆ ಮಾಡುತ್ತೇನೆ ಎಂದು ಉತ್ತರ ಬರೆದೆ. ಅವರ ಮರುಉತ್ತರ: "ಆಗಿದ್ರೆ ಕೀಳ್ಬೇಡಿ. ನಾವು ಟ್ರೈಲರ್ ಕೊಂಡಿ ಬಿಚ್ಚಿ ಓಡಿಸ್ತೀವಾ?" ಅಂದಿನಿಂದ ಬಿಟ್ಟಿದ್ದೇನೆ.

ಇದೇ ಟ್ರ್ಯಾಕ್ಟರಿನವರು ಇನ್ನೊಮ್ಮೆ ಬರೆದದ್ದನ್ನು ನಾನು ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. "ತೂಕಕ್ಕೆ ಸಾಲಲ್ಲಿ ನಿಂತು ಓದ್ತಿದ್ದೆ. ಮುಂದಿನ ಗಾಡಿ ಮೂವ್ ಆದದ್ದ ನೋಡ್ಲಿಲ್ಲ. ಹಿಂದಿನವನು ನುಗ್ಗಿಸಿಬುಟ್ಟ." ಕಬ್ಬಿನ ಸಾಲಿನಲ್ಲಿ ಜಾಗ ಬಿಟ್ಟುಕೊಡುವುದೆಂದರೆ ಏನು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ನನ್ನ ಬರಹಕ್ಕೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬಂದರೆ ಇಡಲು ಗೂಡಿನಲ್ಲಿ ಜಾಗವಿಲ್ಲ.

ಈಗ ಒಂದು ಕೆಂಪು ಎಳೆಯ ಕಥೆಗೆ ಬರಬೇಕು. ಸುತ್ತಿ ಬಳಸಿ ಬಂದೆ, ಏಕೆಂದರೆ ಬರಲು ಸ್ವಲ್ಪ ಅಳುಕಿತ್ತು.

ನಾನು ಈ ಮನೆಗೆ ಬಂದು ಮೂರು ತಿಂಗಳೂ ಆಗಿರಲಿಲ್ಲ. ಗಿಳಿಹಸಿರು ಮೈ, ಕೆಂಪು ಅಂಚಿನ ಸೀರೆಗೆ ನೂಲು ಬಂದಿತ್ತು. ಒಂದು ಪಕ್ಕ ದೊಡ್ಡ ಅಂಚು, ಇನ್ನೊಂದು ಪಕ್ಕ ಸಣ್ಣ ಅಂಚು. ನಾನೂ ಅತ್ತೆಯೂ ಎರಡು ಕಡೆಯಿಂದ ಕೆಚ್ಚುತ್ತಾ ನಡುವೆ ಸೇರುವುದೆಂದಾಯಿತು. ದೊಡ್ಡ ಅಂಚು ಅತ್ತೆಗೆ, ಸಣ್ಣದು ಕಲಿಯುವವಳಿಗೆ. ಮಾವ ನೇಯಲು ಕೂತರು. ಸೀರೆ ಅರ್ಧವಾದ ಮೇಲೆ ಕಂಡಿತು: ದೊಡ್ಡ ಅಂಚಿನಿಂದ ಎರಡು ಬೆರಳು ಒಳಗೆ, ಹಸಿರಿನ ನಡುವೆ ಒಂದೇ ಒಂದು ಕೆಂಪು ಎಳೆ ನೆಟ್ಟಗೆ ಓಡುತ್ತಿದೆ. ಅಂಚಿನ ಎಳೆ ಮೈಗೆ ಸೇರಿಕೊಂಡುಬಿಟ್ಟಿತ್ತು. ಮಾವ ಅಲ್ಲೇ ಅದನ್ನು ಕತ್ತರಿಸಿ ಹಸಿರು ಎಳೆ ಕೂಡಿಸಿದರು. ಆದರೆ ನೇಯ್ದ ಅರ್ಧದಲ್ಲಿ ಇದ್ದದ್ದು ಇತ್ತು.

"ಒಸ ಸೊಸೆ ಕೈ. ಇರ್ಲಿ ಬುಡು, ಕಲ್ತಗತ್ತದೆ" ಎಂದರು ಮಾವ. ಬಯ್ಯಲಿಲ್ಲ, ದೇವರಂಥ ಮನುಷ್ಯ. ಅವರಿಗೆ ಹೊಳೆಯಲೇ ಇಲ್ಲ, ಯಾರಿಗೂ ಹೊಳೆಯಲಿಲ್ಲ, ದೊಡ್ಡ ಅಂಚಿನ ಕಡೆ ಕೂತದ್ದು ನಾನಲ್ಲ ಎಂದು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಬೂದಿ ಡಬ್ಬಿಯ ಮುಚ್ಚಳ ಹಾಕುತ್ತಿದ್ದರು. ಮೂರು ತಿಂಗಳ ಸೊಸೆ ಬಾಯಿ ಬಿಡುವುದುಂಟೆ? ಆ ಸೀರೆಯನ್ನು ಮಾರುವಂತಿರಲಿಲ್ಲ. ಅತ್ತೆ ಅದನ್ನು ಮಡಿಸಿ ನನ್ನ ಕೈಗೆ ಕೊಟ್ಟು, "ನೀನೇ ಉಟ್ಕೋ" ಎಂದರು. ತಪ್ಪು ಮಾಡಿದವಳಿಗೆ ಅದೇ ಶಿಕ್ಷೆ ಎಂದು ಬೀದಿಯವರೆಲ್ಲ ನಕ್ಕರು. ಅದೊಂದು ಗಾದೆಯೇ ಆಗಿಹೋಯಿತು. ಹಾಲು ಉಕ್ಕಿದರೆ, ಬೀಗದ ಕೈ ಕಳೆದರೆ, ಬಸ್ಸು ತಪ್ಪಿದರೆ, ಯಾರು ಮಾಡಿದರೂ ಸರಿ, "ಯಳಂದೂರು ಕೆಂಪು ಬಿತ್ತು" ಎನ್ನುವುದು. ಸರೋಜ ಹನೂರಿನ ಶಾಲೆಯಲ್ಲೂ ಹಾಗೇ ಹೇಳಿ ಹೇಳಿ, ಈಗ ಅಲ್ಲಿನ ಮೇಷ್ಟ್ರುಗಳೂ ಹಾಜರಿ ಪುಸ್ತಕದಲ್ಲಿ ತಪ್ಪಾದರೆ ಯಳಂದೂರು ಕೆಂಪು ಎನ್ನುತ್ತಾರಂತೆ. ಇಪ್ಪತ್ತೈದು ವರ್ಷ ನಾನೂ ನಕ್ಕಿದ್ದೇನೆ. ಆದರೆ ಪ್ರತಿ ಸಲವೂ ಒಳಗೆ ಒಂದು ಎಳೆ ಜಗ್ಗುತ್ತಿತ್ತು. ನನ್ನ ಹೆಸರು ಬೇಕಾದರೆ ಹೇಳಿ, ನಮ್ಮಪ್ಪನ ಊರಿನ ಹೆಸರು ಯಾಕೆ?

ಒಂದು ತಿಂಗಳ ಹಿಂದೆ ಅದನ್ನು ಬರೆದೆ. ಬರೆಯಬೇಕೆಂದು ಕೂತದ್ದಲ್ಲ. ಹಿಂದಿನ ವಾರದ ಕೊನೆಯ ಸಾಲು "ಟ್ರಂಕಿನ ತಳದಲ್ಲಿ ಇನ್ನೂ ಒಂದು ಸೀರೆಯಿದೆ" ಎಂದಿತ್ತು. ಅದನ್ನು ಹಿಡಿದು ಹೊಸೆಯುತ್ತಾ ಹೋದರೆ ಸೀರೆಯೇ ಎದ್ದು ಬಂತು. ಯಾರು ಯಾವ ಅಂಚಿನ ಕಡೆ ಕೂತಿದ್ದೆವು ಎಂಬುದನ್ನೂ ಬರೆದೆ. ಬರೆದ ಮೇಲೆ ಭಯವಾಗಿ, ಅತ್ತೆಗೆ ಮೆತ್ತಗಿರಲಿ ಎಂದು ಒಂದು ಸಾಲು ಸೇರಿಸಿದೆ: ಅವತ್ತು ಅತ್ತೆಗೆ ಮೈ ಕಾದ ಜ್ವರ, ಕಣ್ಣು ಮಂಜಾಗಿತ್ತು. ಜ್ವರವೇನೂ ಇರಲಿಲ್ಲ. ಅದು ನನ್ನದೇ ನೂಲು. ಅತ್ತೆ ಫೋನು ನೋಡುವವರಲ್ಲ, ಅವರಿಗೆ ಯಾವತ್ತೂ ತಿಳಿಯುವುದಿಲ್ಲ ಎಂಬುದು ನನ್ನ ಧೈರ್ಯ.

ಭಾನುವಾರ ಸರೋಜ ಬಂದಳು. ಅವಳಿಗೆ ಅತ್ತಿಗೆಯ ಬರಹವೆಂದರೆ ಹೆಮ್ಮೆ, ಅವ್ವನಿಗೂ ಕೇಳಿಸಬೇಕೆಂಬ ಆಸೆ. ಹೊಸದು ಯಾವುದಿದೆಯೆಂದು ತೆರೆದವಳು, ತಾನೂ ಮೊದಲು ಓದದೆ, ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆಗೆ ಗಟ್ಟಿಯಾಗಿ ಓದತೊಡಗಿದಳು. ನಾನು ಒಳಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. "ದೊಡ್ಡ ಅಂಚಿನ ಕಡೆ" ಎಂಬ ಮಾತು ಕಿವಿಗೆ ಬಿದ್ದಾಗ ಜರಡಿ ನಿಂತಿತು. ಸರೋಜನ ಧ್ವನಿಯೂ ಸಣ್ಣಗಾಯಿತು, ಆದರೆ ನಿಲ್ಲಿಸಲು ದಾರಿಯಿಲ್ಲದೆ ಕೊನೆಯವರೆಗೆ ಓದಿದಳು. ಆಮೇಲೆ ಅವರೆಕಾಯಿಯ ಸಿಪ್ಪೆ ಒಡೆಯುವ ಸದ್ದು ಮಾತ್ರ.

ಅತ್ತೆ ಏನೂ ಅನ್ನಲಿಲ್ಲ. ಸೋಮವಾರವೂ ಅನ್ನಲಿಲ್ಲ. ಕೊಟ್ಟದ್ದನ್ನು ಉಂಡರು, ಕರೆದರೆ ಬಂದರು. ಬಯ್ಗುಳವಿಲ್ಲದ ನಮ್ಮತ್ತೆಯನ್ನು ನಾನು ಆವರೆಗೆ ನೋಡಿರಲಿಲ್ಲ. ನಮ್ಮನೆಯವರು ಮಗ್ಗದಿಂದ ತಲೆಯೆತ್ತಿ, "ನಾಗೂ, ಅದ ತೆಗೆದುಬುಡು. ಅವ್ವನ ಕೈ ಬಗ್ಗೆ ಬೀದೀಲಿ ಒಂದು ಮಾತಿಲ್ಲ, ಈ ವಯಸ್ಸಲ್ಲಿ ಯಾಕೆ?" ಎಂದರು. ಸರೋಜ ಹನೂರಿನಿಂದ ಫೋನು ಮಾಡಿ, "ನನ್ ಬಾಯಿಗೆ ಬೆಂಕಿ ಬೀಳ, ಅತ್ತಿಗೆ" ಎಂದು ಅತ್ತಳು.

ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತೆ. ಅಳಿಸಿದರೆ ಒಂದು ಬರಹ ಹೋಗುತ್ತದೆ, ಹೋಗಲಿ. ಆದರೆ ಮುಂದಿನದನ್ನು ಯಾವುದಕ್ಕೆ ಕೆಚ್ಚಲಿ? ನಿಜ ಬರೆದದ್ದನ್ನು ಕಿತ್ತು, ಅದರ ಹಿಂದಿನ ಸಾಲಿಗೆ ಇನ್ನೇನನ್ನೋ ಹೊಸೆಯುವುದು ನನ್ನ ಕೈಯಿಂದ ಆಗುವ ಕೆಲಸವಲ್ಲ. ಇದು ಹೋದರೆ 'ಮಗ್ಗದ ಮಗ್ಗುಲು' ಇಲ್ಲಿಗೇ ನಿಂತಿತು ಎಂದು ನನಗೆ ಖಚಿತವಾಗಿತ್ತು. ಬಿಟ್ಟರೋ, ಒಬ್ಬ ಹೆಂಗಸು ಐವತ್ತು ವರ್ಷ ಕಾಪಾಡಿಕೊಂಡ ಹೆಸರು. ನಿರ್ಧಾರ ಅತ್ತೆಯದೇ ಆಗಲಿ ಎಂದುಕೊಂಡೆ. ತೆಗೆ ಎಂದರೆ ತೆಗೆಯುವುದು, ಟ್ರಂಕಿನ ಏಳು ಕವರಿನ ಜೊತೆ ಎಂಟನೆಯದಾಗಿ ಇಡುವುದು.

ಮಂಗಳವಾರ ಬೆಳಿಗ್ಗೆ ಅತ್ತೆ ಕರೆದರು. "ನಾಗೀ, ಆ ಸೀರೆ ತಕಂಡು ಬಾ."

ಟ್ರಂಕಿನಿಂದ ತಂದೆ. ಬಾಗಿಲ ಬೆಳಕಿಗೆ ಹಿಡಿದು ಅತ್ತೆ ಅದನ್ನು ಬಿಡಿಸಿದರು. ಹೋದ ವರ್ಷವಷ್ಟೇ ಕಣ್ಣಿನ ಪೊರೆ ತೆಗೆಸಿದ್ದೇವೆ. ದೊಡ್ಡ ಅಂಚಿನಿಂದ ಎರಡು ಬೆರಳು ಅಳೆದು, ಒಂದೇ ಸಲಕ್ಕೆ ಉಗುರನ್ನು ಆ ಕೆಂಪು ಎಳೆಯ ಮೇಲೆ ಇಟ್ಟರು. ಅದು ಎಲ್ಲಿದೆಯೆಂದು ಹುಡುಕಲಿಲ್ಲ. ಹುಡುಕುವ ಅಗತ್ಯ ಅವರಿಗೆ ಯಾವತ್ತೂ ಇರಲಿಲ್ಲವೆಂದು ಆಗ ನನಗೆ ತಿಳಿಯಿತು.

"ನೀ ಬರ್ದದ್ದ ಓದು ಇನ್ನೊಂದ್ಸಲ."

ಓದಿದೆ. ಜ್ವರದ ಸಾಲು ಬಂದಾಗ ಅತ್ತೆ ಕೈಯೆತ್ತಿದರು.

"ಅದ್ಯಾವ ಜರ?"

"ಅದು... ನಿಮಗೆ ಬೇಜಾರಾಗಬಾರದು ಅಂತ..."

"ಜರಾನೂ ಇರ್ನಿಲ್ಲ, ಗಿರಾನೂ ಇರ್ನಿಲ್ಲ. ಗುಂಡುಕಲ್ಲಂಗಿದ್ದೆ ನಾನು. ಮಿಕ್ಕದ್ದೆಲ್ಲ ಸರ್ಯಾಗಿ ಕೆಚ್ಚಿದ್ದೀಯ, ಇದೊಂದು ಯಾವ ನೂಲ್ಲೇ ಇದು? ತೆಗೆ ಇದ."

"ಪೂರ್ತಿ ತೆಗೀಲಾ ಅತ್ತೆ?"

"ಪೂರ್ತಿ ಯಾಕೆ? ಒಂದೆಳೆ ತಪ್ಪೋದ್ರೆ ಸೀರೆ ಸುಡ್ತಾರಾ? ಆ ಜರ ತೆಗಿ ಅಂದೆ."

ತೆಗೆಯುತ್ತಾ ಕೇಳಿದೆ, "ಆ ಜಾಗಕ್ಕೆ ಏನು ಬರೀಲಿ?"

ಅತ್ತೆ ಸೀರೆಯನ್ನು ಹಳೆಯ ಮಡಿಕೆಯ ಗುರುತಿಗೆ ಸರಿಯಾಗಿ ಮಡಿಸತೊಡಗಿದರು. ನನ್ನ ಕಡೆ ನೋಡದೆ ಹೇಳಿದರು: "ಅವತ್ತು ನಿನ್ ಕೈಯ ನೋಡ್ತಾ ಕೂತ್ಬುಟ್ಟಿದ್ದೆ. ಅಂಗ್ಡಿಯೋರ ಮಗಳು, ಮೂರು ತಿಂಗಳಿಗೇ ಎಂಗೆ ಬೆರಳಾಡಿಸ್ತಾಳೆ ಅಂತ. ನಾನು ಕಲಿಯಾಕೆ ಎರಡು ವರ್ಸ ಆಗಿತ್ತು. ನಿನ್ನ ನೋಡ್ತಾ ನನ್ ಎಳೆ ತಪ್ಪೋಯ್ತು."

ನಾನು ಫೋನು ಕೆಳಗಿಟ್ಟೆ.

"ತಪ್ಪು ನಂದು ಅಂತ ಏಳಾಕೆ ಬಾಯೇ ಬರ್ನಿಲ್ಲ ಕಣೆ. ಅತ್ತೆ ಅನ್ನೋ ಬಿಂಕ. ಅದ್ಕೇ ಸೀರೆ ನಿಂಗೆ ಕೊಟ್ಟಿದ್ದು. ಅದ ಶಿಕ್ಷೆ ಅಂದ್ಕಂಡ್ರು ಎಲ್ರೂ, ನೀನೂ ಅಂದ್ಕಂಡೆ. ಗಿಣಿ ಅಸಿರು ನಿಂಗೆ ಒಪ್ತಿತ್ತು ಅಂತ ಕೊಟ್ಟೆ." ಮಡಿಸಿದ ಸೀರೆಯನ್ನು ನನ್ನ ಮುಂದಿಟ್ಟು, "ಇದ ಬರಿ. ನನ್ ಎಸ್ರೂ ಹಾಕು. ಬರೀ ಅತ್ತೆ ಅಂದ್ರೆ ಯಾರ ಅತ್ತೆ ಅಂತ ಗೊತ್ತಾಯ್ತದೆ ಜನಕ್ಕೆ?"

ಹಾಕಿದ್ದೇನೆ. ಹೋಗಿ ನೋಡಿ: ಲಕ್ಷ್ಮೀದೇವಮ್ಮ. ಜ್ವರದ ಸಾಲು ಇದ್ದ ಜಾಗದಲ್ಲಿ ಅವರ ಮಾತು, ಅವರು ಹೇಳಿದ ಹಾಗೇ ಇದೆ. ಬೂದಿ ಹಚ್ಚಿದ ಬೆರಳಿನಿಂದಲೇ 'ಪ್ರಕಟಿಸಿ' ಒತ್ತಿದೆ. ಆ ಗುಂಡಿ ಗೆರೆ ಕೇಳುವುದಿಲ್ಲ, ಸವೆದ ಬೆರಳಿಗೂ ಒಪ್ಪುತ್ತದೆ. ಅದಕ್ಕೇ ನನಗೆ ಅದರ ಮೇಲೆ ಪ್ರೀತಿ. ಅತ್ತೆ ಪಕ್ಕದಲ್ಲೇ ಕೂತು ನೋಡಿ, "ಓಯ್ತಾ?" ಎಂದರು. ಹೋಯಿತು ಎಂದೆ. "ವಾಪಸ್ ಬರಾಕಿಲ್ವಲ್ಲ?" ಎಂದರು. ಏಳು ಕವರಿನ ಸಂಗತಿ ಅತ್ತೆಗೆ ಹೇಗೆ ಗೊತ್ತು? ಟ್ರಂಕಿಗೆ ನುಸಿಗುಳಿಗೆ ಹಾಕುತ್ತಿದ್ದವರು ಅವರೇ ಎಂದು ಆಮೇಲೆ ನೆನಪಾಯಿತು. ಅತ್ತೆಗೆ ಓದು ಬರುತ್ತದೆ, ನಿಧಾನಕ್ಕೆ.

ಈಗ ಉಳಿದಿರುವುದು ಹುಣಸೆಹುಳಿಯ ಕಥೆ. ಹೋದ ವಾರ ಒಲೆಯ ಮೇಲೆ ಸಾರಿಟ್ಟು, ಅದು ಕುದಿಯುವುದರೊಳಗೆ ಎಂದು ಬರೆಯಲು ಕೂತೆ. ಕೊನೆಯ ಸಾಲೊಂದನ್ನು ಬಾಕಿಯಿಟ್ಟು ಓಡಿ ಹೋಗಿ ಒಲೆ ಆರಿಸಿ ಬಡಿಸಿದೆ, ಆ ಸಾಲು ಬರೆದದ್ದು ಊಟವಾದ ಮೇಲೆ. ಮಧ್ಯಾಹ್ನದ ಊಟಕ್ಕೆ ಅತ್ತೆ, ನಮ್ಮನೆಯವರು, ರಜೆ ಹಾಕಿ ಬಂದಿದ್ದ ಸರೋಜ ಎಲ್ಲರೂ ಕೂತಿದ್ದರು. ನಮ್ಮನೆಯವರು ಮೊದಲ ತುತ್ತು ನುಂಗಿ, ಮುಖ ಕಿವುಚಿ, ಇಪ್ಪತ್ತೈದು ವರ್ಷದ ಅಭ್ಯಾಸ ನೋಡಿ, "ಸಾರಿಗೆ ಯಳಂದೂರು ಕೆಂಪು ಬಿದ್ದದೆ" ಎಂದರು.

ಹುಳಿ ಮರೆತವಳು ನಾನೇ. ಸರೋಜ ತಟ್ಟೆ ನೋಡುತ್ತಾ ಕೂತಳು.

ಅತ್ತೆ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. "ಏನ್ಲಾ ಅಂದೆ?"

"ಉಳಿ ಇಲ್ಲ ಕಣವ್ವ ಸಾರಿಗೆ. ತಪ್ಪಾಗದೆ ಅಂದೆ."

"ತಪ್ಪಾಗಿದ್ರೆ ತಪ್ಪಾಗದೆ ಅನ್ನು. ಯಳಂದೂರು ಯಾಕ್ಲಾ ಬತ್ತದೆ ಮಧ್ಯಕ್ಕೆ? ಕೊಳ್ಳೇಗಾಲದ ಕೆಂಪು ಅನ್ನು. ಅದು ನಂದು." ಆಮೇಲೆ ಸರೋಜನ ಕಡೆ ತಿರುಗಿ, "ಅನೂರ್ನಲ್ಲೂ ಇಸ್ಕೂಲಿನೋರ್ಗೆ ಏಳ್ಬುಡು" ಎಂದು, ತಟ್ಟೆಯನ್ನು ನನ್ನ ಮುಂದೆ ಚಾಚಿದರು.

"ಬುಡು ಇನ್ನೊಂದು ಸೌಟು."